ಯಳಂದೂರಿನ ಬಳೆಮಂಟಪ

ಕೊಳ್ಳೇಗಾಲದಿಂದ ಚಾಮರಾಜನಗರದತ್ತ ಹೊರಟವರಿಗೆ ದಾರಿಯಲ್ಲಿ ಸಿಕ್ಕುವ ಊರು ಯಳಂದೂರು. ಬಿಳಿಗಿರಿರಂಗನ ಬೆಟ್ಟದ ಯಾತ್ರಿಕರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಸಾಹಿತ್ಯಾಸಕ್ತರು ನಿಂತು ನೋಡಲೇಬೇಕಾದ ಬಾಗಿಲೊಂದು ಈ ಊರಿನಲ್ಲಿದೆ. ಗೌರೀಶ್ವರ ದೇವಾಲಯದ ಮಹಾದ್ವಾರವಾದ ಅದನ್ನು ಜನ ಬಳೆಮಂಟಪವೆಂದು ಕರೆಯುತ್ತಾರೆ.

ವಿಜಯನಗರದ ಸಾಮಂತರಾಗಿದ್ದ ಹದಿನಾಡಿನ ಅರಸರು ಇಲ್ಲಿ ಆಳಿದರು. ಆ ವಂಶದ ಸಿಂಗೆದೇಪ ದೇವಭೂಪಾಲನು ಗುಡಿಯನ್ನು ಕಟ್ಟಿಸಿದನು. ಅದೇ ವಂಶದ ಮುದ್ದುರಾಜನು 1654-55ರಲ್ಲಿ ಮಹಾದ್ವಾರವನ್ನು ನಿಲ್ಲಿಸಿದನು. ಅದರ ಮೇಲೆ ಗೋಪುರವಿಲ್ಲ. ಅದರ ಸೊಬಗೆಲ್ಲ ಶಿಲ್ಪದಲ್ಲಿದೆ. ಶಿವಲೀಲೆಗಳ ಜೊತೆಗೆ ವಿಷ್ಣುಕಥೆಗಳೂ ಅಲ್ಲಿ ಮೂಡಿವೆ. ಮೂಲೆಗಳಲ್ಲಿ ಕಲ್ಲಿನ ಬಳೆಗಳು ಸರಪಳಿಯಾಗಿ ಇಳಿಬಿದ್ದಿವೆ. ಅವು ಬೇರೆ ಬೇರೆಯಾಗಿ ಮಾಡಿ ಜೋಡಿಸಿದವಲ್ಲ. ಒಂದೇ ಕಲ್ಲಿನಿಂದ ಬಿಡಿಸಿದವು. ಆದ್ದರಿಂದಲೇ ಒಂದು ಬಳೆ ಒಡೆದರೆ ಮತ್ತೊಂದನ್ನು ತಂದು ತೊಡಿಸುವಂತಿಲ್ಲ.

ಈ ಕೆಲಸ ನಡೆದ ದಶಕದಲ್ಲಿಯೇ ಯಳಂದೂರಿನ ಮಠದ ಷಡಕ್ಷರದೇವನು 'ರಾಜಶೇಖರವಿಳಾಸ'ವನ್ನು ರಚಿಸಿದನೆಂಬುದು ಗಮನಾರ್ಹ. ಆ ಚಂಪೂಕಾವ್ಯವನ್ನು ಪಾಠ ಹೇಳುವಾಗ, ಇಷ್ಟೊಂದು ಅಲಂಕಾರವೇಕೆಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದರು. ಬಳೆಮಂಟಪವನ್ನು ನೋಡಿ ಬನ್ನಿ ಎನ್ನುತ್ತಿದ್ದೆ. ಕಠಿಣವಾದುದರೊಳಗಿಂದ ನಯವನ್ನು ಬಿಡಿಸಿ ತೋರುವುದು ಆ ಕಾಲದ ರಸಿಕತೆ. ಶಿಲ್ಪಿಗೆ ಕಲ್ಲು ಒಡ್ಡಿದ ಸವಾಲನ್ನೇ ಕವಿಗೆ ಹಳಗನ್ನಡವೂ ಒಡ್ಡಿತ್ತು.

ಅದೇ ಶತಮಾನದಲ್ಲಿ ಈ ಊರಿನಿಂದಲೇ ಮೈಸೂರಿನ ಅರಮನೆ ಸೇರಿದವಳು ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯ ಊಳಿಗದಲ್ಲಿದ್ದ ಆಕೆ 'ಹದಿಬದೆಯ ಧರ್ಮ'ವನ್ನು ತಿಳಿಯಾದ ಸಾಂಗತ್ಯದಲ್ಲಿ ಬರೆದಳು. ಹೆಣ್ಣೆಂದು ಹಳಿಯುವವರನ್ನು ಪ್ರಶ್ನಿಸಿದಳು. ಪ್ರೌಢ ಚಂಪುವಿಗೂ ಜನದ ಸಾಂಗತ್ಯಕ್ಕೂ ಒಂದೇ ಊರು ನೆಲೆಯಾಯಿತು.

ದೇವಾಲಯವಿಂದು ಸಂರಕ್ಷಿತ ಸ್ಮಾರಕ. ಸಂತೋಷ. ಕಾನೂನು ಕಲ್ಲಿಗೆ ಪೆಟ್ಟು ಬೀಳದಂತೆ ಕಾಯಬಹುದು. ಆದರೆ ಆ ಕಲ್ಲನ್ನು ಕಾವ್ಯದೊಡನೆ ಓದಬಲ್ಲ ಕಣ್ಣನ್ನು ಕಾನೂನು ಕೊಡಲಾರದು. ಆ ಓದು ತಪ್ಪಿದರೆ ಬಳೆಮಂಟಪ ಕೇವಲ ಬೆರಗಿನ ವಸ್ತುವಾಗಿ ಉಳಿದೀತು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಅಧ್ಯಾಪಕರು ಮಕ್ಕಳನ್ನು ಇಲ್ಲಿಗೆ ಕರೆತಂದು, ಆ ಕಂಬಗಳ ನೆರಳಿನಲ್ಲಿ ಷಡಕ್ಷರಿಯ ಒಂದು ಪದ್ಯವನ್ನೂ ಹೊನ್ನಮ್ಮನ ಒಂದು ಪದ್ಯವನ್ನೂ ಓದಿಸಲಿ. ಸಂರಕ್ಷಣೆಯ ಉಳಿದರ್ಧ ಕೆಲಸ ಅದು.