ಕೋಲೆ ಕೋಲೆ, ಮತ್ತ ನನ್ನ ಇಟಾಲಿಯನ್ ಹೋಮ್‌ವರ್ಕು

ಮೊನ್ನೆ ಮಂಗಳವಾರ ನನ್ನ ಹೋಮ್‌ವರ್ಕಿಗೆ ಟೀಚರಮ್ಮ ಕೆಂಪು ಗೆರಿ ಎಳೆದು ಕಳಿಸಿದ್ದರು. ‘ನಾನು ಅಜ್ಜಿ’ ಅಂತ ಇಟಾಲಿಯನ್ ಭಾಷೆದಾಗ ಬರೀಬೇಕಿತ್ತು. ಅಜ್ಜಿಗೆ ಅವರು ‘ನೊನ್ನ’ ಅಂತಾರ. ನಾನು ಅವಸರದಾಗ ಒಂದು ಅಕ್ಷರ ನುಂಗಿ ‘ನೋನ’ ಅಂತ ಬರೆದಿದ್ದೆ. ನೋನ ಅಂದ್ರ ‘ಒಂಬತ್ತನೆಯವಳು’. ಒಲಿ ಮ್ಯಾಲೆ ಹಂಚು ಕಾದಿತ್ತು, ಕೈಯೆಲ್ಲ ಜೋಳದ ಹಿಟ್ಟು. ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನಿನಾಗ ಅದನ್ನ ಓದಿ ಒಬ್ಬಾಕೇ ನಕ್ಕೆ. ಅಷ್ಟರಾಗ ರೊಟ್ಟಿ ಒಂದು ಕಡಿ ಸೀದು ಹೋಯ್ತು.

ನೀವೆಲ್ಲ ಕೇಳ್ತಾನೇ ಇರ್ತೀರಿ, “ಈ ವಯಸ್ಸಿನಾಗ ನಿನಗ ಇದೇನವ್ವಾ ಉಸಾಬರಿ?” ಅಂತ. ಮೊಮ್ಮಗಳಿಗೋಸ್ಕರ, ಇನ್ಯಾತಕ್ಕ? ಮಗ ಇಟಲಿಗೆ ಕೆಲಸಕ್ಕೆ ಹೋಗಿ ಅಲ್ಲೇ ಮದುವಿ ಆದದ್ದು ನಿಮಗ ಗೊತ್ತೇ ಐತಿ. ಆರು ವರ್ಷದ ಮೊಮ್ಮಗಳಿಗೆ ಬರೋ ಕನ್ನಡ ‘ಅಜ್ಜಿ’, ‘ಬಾ’, ‘ಬ್ಯಾಡ’, ಇಷ್ಟೇ. ಹೋದ ಯುಗಾದಿ ದಿನ ವಿಡಿಯೋ ಕಾಲ್ ಮಾಡಿದಾಗ ಅದು ಕೈ ಬಾಯಿ ತಿರುವಿ ಎರಡು ನಿಮಿಷ ಏನೋ ಹೇಳಿತು. ಕಣ್ಣಾಗ ನೀರು ಬ್ಯಾರೆ. “ಏನಂತಪ್ಪಾ?” ಅಂತ ಮಗನ್ನ ಕೇಳಿದ್ರ, “ಹಲ್ಲು ಬಿತ್ತಂತ” ಅಂದ. ಎರಡು ನಿಮಿಷದ ಮಾತು ಎರಡು ಪದಕ್ಕೆ ಇಳೀತು. ಉಳಿದ ಮಾತೆಲ್ಲ ಎಲ್ಲಿ ಹೋದವು? ಅವತ್ತೇ ಕ್ಲಾಸಿಗೆ ಹೆಸರು ಹಚ್ಚಿದೆ.

ಕಲಿಯಾಕ ಕುಂತ ಮ್ಯಾಲೆ ಒಂದು ಪ್ರಶ್ನೆ ಬಂತು. ನಾವು ಈಗ ಅವರ ಭಾಷೆಗೆ ಒದ್ದಾಡ್ತೀವಿ. ಹಿಂದಿನ ಕಾಲದಾಗ ಆ ದೇಶದವರು ನಮ್ಮ ಕಡೆ ಬಂದಾಗ ನಮ್ಮ ಮಾತಿಗೆ ಹೆಂಗ ಒದ್ದಾಡಿದ್ರು? ಮಧ್ಯಾಹ್ನ ಪಾತ್ರೆ ತೊಳೆದ ಮ್ಯಾಲೆ ಒಂದಿಷ್ಟು ಓದಿದೆ. ಅದನ್ನೇ ಇವತ್ತು ನಿಮಗ ಹೇಳ್ತೀನಿ.

ನಮ್ಮ ಸಂಗನಕಲ್ಲಿನಿಂದ ಹಂಪಿ ಅರವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಗೆ 1420ರ ಸುಮಾರಿಗೆ ವೆನಿಸ್ ಕಡೆಯ ನಿಕೊಲೊ ಕೊಂತಿ ಅನ್ನೋ ವ್ಯಾಪಾರಿ ಬಂದಿದ್ದ. ವಿಜಯನಗರದ ಸುತ್ತಳತೆ ಅರವತ್ತು ಮೈಲಿ ಅಂತ ಹೇಳಿದಾತ ಅವನೇ. ಹೆಂಡತಿ ಮಕ್ಕಳನ್ನ ಜೊತಿಗೆ ಕಟ್ಟಿಕೊಂಡು ದೇಶ ಸುತ್ತಿದ. ವಾಪಸ್ ಹೋಗೋವಾಗ ಹೆಂಡತಿ ಮಕ್ಕಳ ಜೀವ ಉಳಿಸಬೇಕಂತ ತನ್ನ ಧರ್ಮ ಬಿಟ್ಟ. ಆದರ ಈಜಿಪ್ಟಿನಾಗ ಪ್ಲೇಗ್ ಬಂದು ಹೆಂಡತಿ, ಎರಡು ಮಕ್ಕಳು ತೀರಿಕೊಂಡರು. ಊರಿಗೆ ಹೋಗಿ ಪೋಪ್ ಹತ್ರ ಕ್ಷಮೆ ಕೇಳಿದಾಗ, ನೋಡಿದ್ದೆಲ್ಲ ತನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿಗೆ ಹೇಳಿ ಬರೆಸಬೇಕು, ಅದೇ ಪ್ರಾಯಶ್ಚಿತ್ತ ಅಂದರಂತ. ನಾವು ಸಾಲಿಯಾಗ ಓದಿದ ವಿಜಯನಗರದ ವರ್ಣನೆಯ ಹಿಂದ ಒಂದು ಸಂಸಾರದ ಇಷ್ಟು ದುಃಖ ಐತಿ.

ಅವನ ನಂತರ ಬೊಲೋನ್ಯದ ವರ್ತೇಮ ಬಂದ. ಅವನ ಪ್ರವಾಸದ ಪುಸ್ತಕ 1510ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಎರಡು ವರ್ಷಕ್ಕೆ, 1567ರಲ್ಲಿ, ವೆನಿಸ್‌ನ ಚೆಸರೆ ಫೆದೆರೀಚಿ ಬಂದ. ದಾರಿ ತುಂಬಾ ಕಳ್ಳರ ಭಯ, ಹಿಂಗಾಗಿ ಏಳು ತಿಂಗಳು ಅಲ್ಲೇ ಉಳಿದ. ಮನಿಗಳು ಇನ್ನೂ ನಿಂತಾವು, ಆದರ ಖಾಲಿ, ಒಳಗ ಹುಲಿ ಕಾಡುಮೃಗ ಇರ್ತಾವು ಅಂತ ಬರೆದ. ಹಂಪಿಗೆ ಹೋದಾಗೆಲ್ಲ ನಾವು ಕಲ್ಲಿನ ಗುಡಿ ನೋಡ್ತೀವಿ. ಆ ಬೀದಿಯಾಗ ಒಲಿ ಹಚ್ಚುತ್ತಿದ್ದ ಹೆಂಗಸರು ಎಲ್ಲಿ ಹೋದರೋ ಅಂತ ಈ ಮಾತು ಓದಿದ ಮ್ಯಾಲೆ ನನಗ ಅನ್ನಿಸಾಕ ಹತ್ತೇತಿ.

ಇನ್ನೊಬ್ಬಾತ ಫ್ಲಾರೆನ್ಸ್‌ನ ಫಿಲಿಪ್ಪೊ ಸಸ್ಸೆಟ್ಟಿ, ಮೆಣಸಿನ ವ್ಯಾಪಾರಕ್ಕೆ ಕೊಚ್ಚಿ, ಗೋವೆಗೆ ಬಂದವನು. ನನ್ನ ಹೋಮ್‌ವರ್ಕಿಗೆ ಭಾಳ ಸಹಾಯ ಮಾಡಿದವನು ಇವನೇ. 1585ರಲ್ಲಿ ಊರಿಗೆ ಬರೆದ ಪತ್ರದಲ್ಲಿ, ಸಂಸ್ಕೃತದ ಕೆಲವು ಮಾತು ನಮ್ಮ ಮಾತಿನಂಗೇ ಅದಾವು ಅಂದ. ಏಳು, ಎಂಟು, ಒಂಬತ್ತರ ಲೆಕ್ಕ, ದೇವರು, ಹಾವು, ಇವೆಲ್ಲ ಅವನ ಪಟ್ಟಿಯಲ್ಲಿದ್ದವು. ಈ ನಂಟನ್ನ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಭೆ ಮುಂದೆ ಹೇಳಿದ್ದು 1786ರಲ್ಲಿ, ಅಂದ್ರ ಇನ್ನೂರು ವರ್ಷ ಆದ ಮ್ಯಾಲೆ.

ನಮ್ಮ ಕನ್ನಡದ ಏಳು, ಎಂಟು ಬ್ಯಾರೆ ಮನೆತನದವು. ಆದರ ಗೋಡಿ ಮ್ಯಾಲಿನ ಕ್ಯಾಲೆಂಡರಿನ ತಿಥಿ ಎಲ್ಲ ಸಂಸ್ಕೃತದ್ದು. ನಾನು ಇಟಾಲಿಯನ್ ಎಣಿಕಿ ಕಲಿತದ್ದು ಅದರಿಂದ. ಸಪ್ತಮಿಗೆ ‘ಸೆತ್ತೆ’, ಅಷ್ಟಮಿಗೆ ‘ಒತ್ತೊ’, ನವಮಿಗೆ ‘ನೋವೆ’. ಸಂಕಷ್ಟಿ ಯಾವಾಗ ಅಂತ ನೋಡಾಕ ಹೋದಾಗೆಲ್ಲ ಒಂದು ಸಲ ಎಣಿಸಿ ಬರ್ತೀನಿ. ಇನ್ನು ಪೋರ್ಚುಗೀಸರು ನಮ್ಮ ಕಡೆ ಬಿಟ್ಟು ಹೋದ ಮಾತು ಅದಾವಲ್ಲ, ಚಾವಿ, ಸಾಬೂನು, ಪಗಾರ. ಆ ಭಾಷೆ ಇಟಾಲಿಯನ್ನಿಗೆ ಅಕ್ಕ ತಂಗಿ ಇದ್ದಂಗ. ಹಿಂಗಾಗಿ ಚಾವಿಗೆ ‘ಕ್ಯಾವೆ’, ಸಾಬೂನಿಗೆ ‘ಸಪೋನೆ’, ಪಗಾರಕ್ಕೆ ‘ಪಾಗ’ ಅಂದ ಕೂಡಲೆ ನನಗ ತಿಳೀತು. ಒತ್ತಿನ ವಿಷಯಕ್ಕೂ ನಾವು ಹೆದರಬೇಕಾಗಿಲ್ಲ. ‘ಪೆನ್ನ’ ಅಂದ್ರ ಪೆನ್ನು, ‘ಪೇನ’ ಅಂದ್ರ ಸಂಕಟ. ಕತೆಗೂ ಕತ್ತೆಗೂ ಫರಕು ಗೊತ್ತಿರೋರಿಗೆ ಇದೇನು ದೊಡ್ಡದು? ಹಂಗಿದ್ದೂ ನಾನು ನೋನ ಆದೆ, ಅದು ಬ್ಯಾರೆ ಮಾತು.

ಎಲ್ಲರಿಗಿಂತ ನನಗ ಹತ್ತಿರ ಆದವನು ರೋಮ್‌ನ ಪಿಯೆತ್ರೊ ದೆಲ್ಲಾ ವಾಲ್ಲೆ. ಭಾಷೆ ಕಲಿಯೋ ಹುಚ್ಚಿನವನು. ತುರ್ಕಿ, ಪಾರ್ಸಿ, ಅರಬ್ಬಿ ಕಲಿತಿದ್ದ, ತುರ್ಕಿ ಭಾಷೆಗೆ ವ್ಯಾಕರಣನೂ ಬರೆದಿದ್ದ. ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬಾಕೆಯನ್ನ ಮದುವಿಯಾದ. ಆಕಿ ಗಂಡನ ಜೊತಿ ಊರೂರು ತಿರುಗಿ, 1621ರ ಕೊನೆಗೆ ಪರ್ಷಿಯಾದಲ್ಲಿ ಜ್ವರ ಬಂದು ತೀರಿಕೊಂಡಳು. ಅವನು ಆಕೆಯನ್ನ ಅಲ್ಲಿ ಮಣ್ಣು ಮಾಡಲಿಲ್ಲ. ದೇಹ ಕೆಡದಂಗ ಮಾಡಿಸಿ, ಪೆಟ್ಟಿಗೆಯೊಳಗಿಟ್ಟು, ನಮ್ಮ ದೇಶಕ್ಕೆ ತಂದು, ಇಲ್ಲಿಂದ ರೋಮ್‌ಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ.

ಅಂಥಾ ಭಾರ ಎದೆಯೊಳಗಿಟ್ಟುಕೊಂಡೇ ಅವನು 1623ರಲ್ಲಿ ಗೋವೆಯಿಂದ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊಂಟದ್ದು. ದಾರಿಯಾಗ ಒಂದು ದೇವಸ್ಥಾನದ ಕಟ್ಟಿ ಮ್ಯಾಲೆ ನಾಲ್ಕು ಹುಡುಗರು ಲೆಕ್ಕ ಕಲೀತಿದ್ದರು. ಒಬ್ಬ ರಾಗವಾಗಿ ಒಂದು ಸಾಲು ಹೇಳ್ತಾ, ನೆಲಕ್ಕೆ ಹರಡಿದ ಸಣ್ಣ ಮರಳಿನ ಮ್ಯಾಲೆ ಬೆರಳಿನಿಂದ ಬರೀತಿದ್ದ. ಉಳಿದವರು ಅದನ್ನೇ ಹಾಡಿ ಬರೀತಿದ್ದರು. ನೆಲ ತುಂಬಿದರ ಅಳಿಸಿ ಮತ್ತ ಮರಳು ಹರಡೋರು. “ಒಂದು ಪಾಠ ಮರೆತರ ನಿಮ್ಮನ್ನ ತಿದ್ದೋರು ಯಾರು?” ಅಂತ ಇವನು ಕೇಳಿದ. ಗುರುಗಳು ಇಲ್ಲದೇ ನಾವೇ ಕಲೀತೀವಿ, ಒಂದೇ ಜಾಗ ನಾಲ್ಕೂ ಜನಕ್ಕೆ ಮರೀಲಿಕ್ಕೆ ಹೆಂಗ ಸಾಧ್ಯ ಅಂತ ಹುಡುಗರು ಅಂದರಂತ. ಅವನಿಗೆ ಆ ಉತ್ತರ ಭಾಳ ಹಿಡಿಸಿತು.

ಇಕ್ಕೇರಿಯಾಗ ಇನ್ನೊಂದು ಕಂಡ. ಹುಡುಗಿಯರು ಗುಂಪುಗುಂಪಾಗಿ, ಬಣ್ಣದ ಕೋಲು ಹಿಡಿದು ತಾಳಕ್ಕೆ ಬಡೀತಾ, ಬೀದಿಯಾಗ ಹಾಡಿ ಕುಣೀತಿದ್ದರು. ಒಬ್ಬಾಕಿ ಒಂದು ಸಾಲು ಹಾಡಿದರ, ಎಲ್ಲರೂ ‘ಕೋಲೆ ಕೋಲೆ ಕೋಲೆ’ ಅನ್ನೋರು. ಅವನು ಆ ಮಾತನ್ನ ತನ್ನ ಅಕ್ಷರದಾಗ ಹಂಗೇ ಬರೆದುಕೊಂಡ. ಅರ್ಥ ಮಾತ್ರ ಹೊಳೀಲಿಲ್ಲ. ಸಂತೋಷದ ಕೂಗು ಇರಬೇಕು ಅಂತ ಬರೆದುಬಿಟ್ಟ. ಗೌರಿ ಹುಣ್ಣಿಮಿಗೆ ಕೋಲಾಟ ಆಡಿದ ನಾವು ಯಾರಿದ್ದರೂ ಹೇಳ್ತಿದ್ದೆವು, “ಅಯ್ಯ, ಕೈಯಾಗಿನ ಕೋಲಪ್ಪಾ ಅದು!” ಅಂತ. ನಾಲ್ಕು ನೂರು ವರ್ಷದ ಹಿಂದ ಹಳ್ಳಿ ಹುಡುಗಿಯರು ಹಾಡಿದ ಒಂದು ಕನ್ನಡ ಮಾತು ಹಿಂಗ ಇಟಾಲಿಯನ್ ಪುಸ್ತಕ ಸೇರಿತು. ಅವನು 1652ರಲ್ಲಿ ತೀರಿಕೊಂಡ, ಈ ಭಾಗ ಅಚ್ಚಾದದ್ದು 1663ರಲ್ಲಿ. ಅಷ್ಟು ಭಾಷೆ ಕಲಿತವನೂ ತಪ್ಪಿದ ಅಂದ ಮ್ಯಾಲೆ, ನನ್ನ ಕೆಂಪು ಗೆರಿಗೆ ನಾನ್ಯಾಕ ನಾಚಲಿ?

ಇದನ್ನ ಓದಿದ ಮ್ಯಾಲೆ ನಾನು ಕಲಿಯೋ ರೀತಿ ಬದಲು ಮಾಡಿದೆ. ಮೊದಲು ಚಿತ್ರ, ಕಸೂತಿ ಬಿಟ್ಟರ ಪಾಠಕ್ಕೆ ಹೊತ್ತು ಸಿಗ್ತೈತಿ ಅಂದುಕೊಂಡಿದ್ದೆ. ಎರಡು ವಾರ ಬಿಟ್ಟೂ ನೋಡಿದೆ. ಪಾಠನೂ ತಲಿಗೆ ಹತ್ತಲಿಲ್ಲ, ಮನಸಿಗೂ ಸಮಾಧಾನ ಇಲ್ಲ. ಈಗ ಎರಡೂ ಕೂಡಿಸೀನಿ. ಬೆಳಿಗ್ಗೆ ರಂಗೋಲಿ ಹಾಕುವಾಗ ಚುಕ್ಕಿ ಇಟಾಲಿಯನ್‌ನಾಗ ಎಣಿಸ್ತೀನಿ. ನೋಟ್‌ಬುಕ್ಕಿನಾಗ ಒಂದು ಕಡಿ ಚಿತ್ರ, ಒಂದು ಕಡಿ ಮಾತು.

ಮೊದಲ ಪುಟಕ್ಕೆ ಬರೆದದ್ದು ನಮ್ಮ ಹಿರೇಗುಡ್ಡದ ಎತ್ತು. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿ ಜನ ಆ ಗುಡ್ಡದ ಕರಿಕಲ್ಲಿನಿಂದ ಕೊಡಲಿ ಮಾಡೋರು. ಅವರು ಕೊಡಲಿ ಮಸೆದ ಗುಳಿ ಇನ್ನೂ ಬಂಡಿ ಮ್ಯಾಲೆ ಅದಾವು. ಅಂಥಾ ಕರಿಕಲ್ಲಿನ ಮ್ಯಾಲೇ ಉದ್ದ ಕೊಂಬಿನ, ಡುಬ್ಬದ ಎತ್ತಿನ ಚಿತ್ರ ಕುಟ್ಟಿ ಬಿಡಿಸ್ಯಾರ. ಬಡಿದರ ಗಂಟಿ ಹಂಗ ನುಡಿಯೋ ಕಲ್ಲೂ ಅಲ್ಲೇ ಅದಾವು. ಕೆಲಸ, ಚಿತ್ರ, ನಾದ ಎಲ್ಲ ಒಂದೇ ಗುಡ್ಡದ ಮ್ಯಾಲೆ. ನನ್ನ ಎತ್ತಿನ ಪಕ್ಕ ‘ಬೂಯೆ’ ಅಂತ ಬರೆದೀನಿ. ಮೊಮ್ಮಗಳು ಬಂದಾಗ ಗುಡ್ಡಕ್ಕೆ ಕರಕೊಂಡು ಹೋಗಿ ತೋರಿಸಬೇಕು.

ಇನ್ನು ತಿದ್ದೋರು ಯಾರು? ಪಕ್ಕದ ಮನಿ ಅಕ್ಕ, ನಮ್ಮ ಚಿಗವ್ವ, ಓರಗಿತ್ತಿ ಮತ್ತ ನಾನು, ನಾಲ್ಕು ಜನ ಆಗೀವಿ. ಮೆಣಸಿನಕಾಯಿ ತೊಟ್ಟು ಮುರೀತಾ ನಾನು ಒಂದು ಮಾತು ಹೇಳ್ತೀನಿ, ಅವರು ರಾಗ ಮಾಡಿ ತಿರುಗಿ ಹೇಳ್ತಾರ. ಮರುದಿನ ನಾನು ಮರೆತದ್ದನ್ನ ಅವರೇ ನೆನಪು ಮಾಡ್ತಾರ. ಚಿಗವ್ವ ಓದು ಬರಹ ಕಲಿತಾಕಿ ಅಲ್ಲ, ಆದರ ‘ನೊನ್ನ’ದ ಒತ್ತು ನನಗಿಂತ ಚೊಲೋ ಹಾಕ್ತಾಳ.

ನಿನ್ನೆ ಸಂಜಿ ಕಾಲ್ ಬಂತು. ಇನ್ನೊಂದು ಹಲ್ಲು ಬಿದ್ದಿತ್ತಂತ. ‘ದೆಂತೆ’ ಅಂದ್ರ ಹಲ್ಲು, ನಮ್ಮ ದಂತ ಇದ್ದಂಗ. ಮಗ ಬಾಯಿ ತೆರೆಯೋ ಮೊದಲೇ ನಾನು “ಕ್ವಾಲೆ ದೆಂತೆ?” ಅಂತ ಕೇಳಿದೆ, ಯಾವ ಹಲ್ಲು ಅಂತ. ಕೂಸು ಒಂದು ಗಳಿಗಿ ಸುಮ್ಮನಾತು. ಆಮ್ಯಾಲೆ ಕ್ಯಾಮೆರಾಕ್ಕೆ ಹತ್ತಿ ಬಾಯಿ ಅಗಲಿಸಿ ತೋರಿಸಿ, ಮತ್ತ ಎರಡು ನಿಮಿಷ ಮಾತಾಡಿತು. ನನಗ ತಿಳಿದದ್ದು ನಾಲ್ಕೈದು ಮಾತು. ಮಗ ಅರ್ಥ ಹೇಳಾಕ ಬಂದ. “ತಡಿಯಪ್ಪಾ, ಅದು ಹೇಳಿ ಮುಗಿಸಲಿ” ಅಂದೆ.