ಕಟ್ಟಡಕ್ಕೆ ಅಂಕ: ನಕ್ಷೆ ನೋಡಿಯೋ, ಬಿಲ್ ನೋಡಿಯೋ?

ಕಟ್ಟಡಗಳಿಗೂ ಇಂಧನದ ಅಂಕಪಟ್ಟಿ ಬೇಕೆಂಬ ಮಾತಿಗೆ ದೊಡ್ಡ ಮಟ್ಟದಲ್ಲಿ ಕಾನೂನಿನ ಬಲ ಬಂದದ್ದು ಯುರೋಪಿನಲ್ಲಿ. ಡೆನ್ಮಾರ್ಕ್ 1997ರಲ್ಲೇ ದಾರಿ ತೋರಿಸಿತ್ತು. 2002ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿ, ಕಟ್ಟಡ ಕಟ್ಟುವಾಗ, ಮಾರುವಾಗ, ಬಾಡಿಗೆಗೆ ಕೊಡುವಾಗ ಇಂಧನ ಪ್ರಮಾಣಪತ್ರ ಇರಬೇಕೆಂದಿತು. ಇಂಗ್ಲೆಂಡಿನ ವಾಣಿಜ್ಯ ಕಟ್ಟಡಗಳಿಗೆ ಅದು ಬಂದದ್ದು 2008ರಲ್ಲಿ. 'ಎ'ಯಿಂದ 'ಜಿ'ವರೆಗೆ ದರ್ಜೆ, ಹತ್ತು ವರ್ಷ ಮಾನ್ಯತೆ.

ತೊಡಕು ಇದ್ದದ್ದು ಲೆಕ್ಕದ ಬುಡದಲ್ಲೇ. ಗೋಡೆ, ಗಾಜು, ದೀಪ, ಬಾಯ್ಲರ್, ಎಸಿಗಳ ವಿವರವನ್ನು ತಂತ್ರಾಂಶಕ್ಕೆ ಉಣಿಸಿ, ಜನ ಇಂತಿಷ್ಟು ಹೊತ್ತು ಇರುತ್ತಾರೆಂದು ಊಹಿಸಿ ದರ್ಜೆ ಕೊಡುತ್ತಾರೆ. ರಾತ್ರಿಯಿಡೀ ಉರಿಯುವ ದೀಪ, ಭಾನುವಾರವೂ ಓಡುವ ಎಸಿ, ಸಾಲು ಸಾಲು ಕಂಪ್ಯೂಟರ್ ಇವಾವುವೂ ಅದರಲ್ಲಿ ಕಾಣವು. 2012ರಲ್ಲಿ ಕಟ್ಟಡ ಮಾಲೀಕರ ಕೂಟವಾದ ಬೆಟರ್ ಬಿಲ್ಡಿಂಗ್ಸ್ ಪಾರ್ಟ್ನರ್‌ಶಿಪ್ ಮತ್ತು ಆಸ್ತಿ ಸಲಹಾ ಸಂಸ್ಥೆ ಜೋನ್ಸ್ ಲ್ಯಾಂಗ್ ಲಾಸಾಲ್ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ತಾಳೆ ನೋಡಿದಾಗ, ದರ್ಜೆಗೂ ನಿಜವಾಗಿ ಖರ್ಚಾದ ಇಂಧನಕ್ಕೂ ಹೆಚ್ಚುಕಡಿಮೆ ಸಂಬಂಧವೇ ಕಾಣಲಿಲ್ಲ. ಆದರೂ ಕಾನೂನು ಅದೇ ದರ್ಜೆಯನ್ನು ನೆಚ್ಚಿಕೊಂಡಿತು: 'ಇ'ಗಿಂತ ಕೆಳಗಿನ ಕಟ್ಟಡವನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲವೆಂಬ ನಿಯಮ 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, 2023ರಲ್ಲಿ ಹಳೆಯ ಕರಾರುಗಳಿಗೂ ಹಬ್ಬಿತು. ಕೆಲವು ವಿನಾಯಿತಿಗಳಿವೆ, ಇರಲಿ. ಹಳೆಯ ದೀಪ, ಬಾಯ್ಲರ್‌ಗಳನ್ನು ಬದಲಿಸಲು ಮಾಲೀಕರಿಗೆ ಒಂದು ಕಾರಣ ಸಿಕ್ಕಿದ್ದಂತೂ ಹೌದು.

ಆಸ್ಟ್ರೇಲಿಯಾ ಹಿಡಿದದ್ದು ಬೇರೆ ದಾರಿ. 1990ರ ದಶಕದ ಕೊನೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಶುರುವಾಗಿ ಮುಂದೆ 'ನೇಬರ್ಸ್' ಎನಿಸಿಕೊಂಡ ಪದ್ಧತಿ ಹನ್ನೆರಡು ತಿಂಗಳ ನಿಜವಾದ ಬಳಕೆಯನ್ನು ನೋಡಿ ನಕ್ಷತ್ರ ಕೊಡುತ್ತದೆ. ಲಿಫ್ಟು, ಕೇಂದ್ರೀಯ ಎಸಿಗಳ ಹೊಣೆ ಮಾಲೀಕನ ಪಾಲಿಗೆ, ಮೇಜಿನ ಮೇಲಿನ ಕಂಪ್ಯೂಟರ್ ಬಾಡಿಗೆದಾರನ ಪಾಲಿಗೆ. ಇಬ್ಬರಿಗೂ ಬೇರೆ ಬೇರೆ ಅಂಕ. ನನ್ನ ಮಟ್ಟಿಗೆ ಈ ವಿಂಗಡಣೆಯೇ ಅದರ ಜಾಣತನ, ಏಕೆಂದರೆ ಇನ್ನೊಬ್ಬನತ್ತ ಬೆರಳು ತೋರಿಸಿ ನುಣುಚಿಕೊಳ್ಳಲು ಆಗುವುದಿಲ್ಲ. 2010ರ ಕಾಯ್ದೆಯ ಪ್ರಕಾರ ದೊಡ್ಡ ಕಚೇರಿಗಳ ಜಾಹೀರಾತಿನಲ್ಲೇ ನಕ್ಷತ್ರ ತೋರಿಸಬೇಕು. 2,000 ಚದರ ಮೀಟರ್ ಇದ್ದ ಮಿತಿ 2017ರಲ್ಲಿ 1,000ಕ್ಕೆ ಇಳಿಯಿತು. 2020ರಲ್ಲಿ ಇದೇ ಪದ್ಧತಿ ಬ್ರಿಟನ್ನಿಗೂ ಕಾಲಿಟ್ಟಿತು, ಕಡ್ಡಾಯವಾಗಿ ಅಲ್ಲ.

ನಮ್ಮಲ್ಲಿ ಎರಡೂ ದಾರಿಗಳಿವೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಬೆನ್ನಿಗೆ ಬಂದ ಇಂಧನ ದಕ್ಷತಾ ಬ್ಯೂರೋ 2007ರಲ್ಲಿ ವಾಣಿಜ್ಯ ಕಟ್ಟಡಗಳ ಸಂಹಿತೆ ತಂದಿತು. ಅದು ನೋಡುವುದು ವಿನ್ಯಾಸವನ್ನು. 2009ರಲ್ಲಿ ತಂದ ನಕ್ಷತ್ರ ಶ್ರೇಯಾಂಕ ಮಾತ್ರ ವರ್ಷದ ಬಳಕೆಯನ್ನು ವಿಸ್ತೀರ್ಣದಿಂದ ಭಾಗಿಸುತ್ತದೆ. ಆರಂಭದ ಲೆಕ್ಕದಲ್ಲಿ, ದೆಹಲಿಯಂಥ ಹವೆಯ ಊರಿನ, ಅರ್ಧಕ್ಕಿಂತ ಹೆಚ್ಚು ಭಾಗ ಎಸಿ ಇರುವ ಕಚೇರಿ ಚದರ ಮೀಟರಿಗೆ 90 ಯೂನಿಟ್ಟಿನೊಳಗಿದ್ದರೆ ಐದು ನಕ್ಷತ್ರ, 190ರೊಳಗಿದ್ದರೆ ಒಂದು. ಹವಾಮಾನ ವಲಯದ ಪ್ರಕಾರ ಅಳತೆ ಬೇರೆ. ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರುತ್ತದೆ.

ಈ ನಕ್ಷತ್ರದ ಅಳತೆಗೋಲು ಸರಿಯಾದದ್ದೇ, ಕಡ್ಡಾಯ ಮಾಡಿಲ್ಲ ಅಷ್ಟೆ. ಚೆನ್ನಾಗಿ ನಡೆಯುವ ಕಟ್ಟಡ ಮುಂದೆ ಬಂದು ನಕ್ಷತ್ರ ಪಡೆಯುತ್ತದೆ. ಕರೆಂಟ್ ನುಂಗುವ ಕಟ್ಟಡ ಸುಮ್ಮನಿರುತ್ತದೆ. ಸರ್ಕಾರ ಕಡ್ಡಾಯ ಮಾಡುವವರೆಗೆ, ಕಚೇರಿಗೆ ಜಾಗ ಹುಡುಕುವವರು ಕರಾರಿಗೆ ಸಹಿ ಹಾಕುವ ಮುನ್ನ ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲನ್ನೂ ಜನರೇಟರಿನ ಡೀಸೆಲ್ ಲೆಕ್ಕವನ್ನೂ ಕೇಳಿ ಪಡೆಯಲಿ.