ಪಂದಲೂರು ಸೀಮೆಯ ತೈಲ, ಮೇಣ, ಸಾಬೂನು: ಸ್ಪಾ ಉದ್ಯಮಕ್ಕೆ ಹೋಗುವ ನೈಸರ್ಗಿಕ ವಸ್ತುಗಳು

ಪಂದಲೂರು ತಮಿಳುನಾಡಿನ ನೀಲಗಿರಿ ಜಿಲ್ಲೆಯ ಆರು ತಾಲೂಕುಗಳಲ್ಲಿ ಒಂದು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕೇರಳದ ವಯನಾಡಿಗೆ ತಾಗಿಕೊಂಡಿರುವ ಈ ಸೀಮೆಯನ್ನು ಗೂಡಲೂರಿನೊಡನೆ ಸೇರಿಸಿ ಹಿಂದೆ ನೀಲಗಿರಿ ವಯನಾಡು ಎಂದು ಕರೆಯುತ್ತಿದ್ದರು. ತಮಿಳು ಮತ್ತು ಮಲಯಾಳ ಇಲ್ಲಿಯ ಪೇಟೆಯ ಭಾಷೆಗಳಾದರೂ ಕನ್ನಡದ ನಂಟು ಹೊಸದೇನಲ್ಲ. ಈ ತಾಲೂಕಿನ ನೆಲ್ಲಿಯಾಳಂನ ಅರಸು ಮನೆತನದವರು ಕನ್ನಡದ ಲಿಂಗಾಯತರೆಂದೂ, ಅವರ ಪೂರ್ವಜರು ಇಂದಿನ ಚಾಮರಾಜನಗರ ಸೀಮೆಯ ಉಮ್ಮತ್ತೂರಿನಿಂದ ಬಂದವರೆಂದೂ 1908ರ ನೀಲಗಿರಿ ಗೆಜೆಟಿಯರ್ ಬರೆದಿಟ್ಟಿದೆ. ಕಾಡಿನಂಚಿನ ಹಾಡಿಗಳಲ್ಲಿರುವ ಕಾಟ್ಟುನಾಯಕನ್ ಜನರು ಕರ್ನಾಟಕದ ಜೇನುಕುರುಬರಿಗೆ ಹತ್ತಿರದವರು. ಅವರ ನುಡಿಯೂ ಕನ್ನಡಕ್ಕೆ ಸಮೀಪವಾದುದು. ಸ್ಪಾ ಕೊಠಡಿಗಳಲ್ಲಿ ಮಾರಾಟವಾಗುವ ಕಾಡಿನ ಜೇನುಮೇಣದ ಮುಲಾಮಿನ ಹಿಂದೆ ಇಂಥವರ ದುಡಿಮೆ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸ್ಪಾ ಎಂಬುದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿಯ ಖನಿಜ ಜಲದ ಬುಗ್ಗೆಗಳಲ್ಲಿ ಸ್ನಾನ ಮಾಡಲು ಯುರೋಪಿನ ಶ್ರೀಮಂತರು ಬರುತ್ತಿದ್ದುದರಿಂದ ಊರಿನ ಹೆಸರೇ ಸ್ನಾನ, ಮಾಲೀಸು, ಲೇಪನಗಳ ಉಪಚಾರಕ್ಕೆ ರೂಢಿಯಾಯಿತು. ಅಭ್ಯಂಜನ, ಸೀಗೆಪುಡಿ, ಕಡಲೆಹಿಟ್ಟು, ಅರಿಸಿನಗಳನ್ನು ಹಬ್ಬದ ಬೆಳಗಿನ ಸಾಮಾನ್ಯ ಸಂಗತಿಯಾಗಿ ಕಂಡಿರುವ ನಮಗೆ ಈ ಉಪಚಾರದಲ್ಲಿ ಅಪರಿಚಿತವಾದುದು ಬಹಳವಿಲ್ಲ, ಅದರ ಬೆಲೆಯೊಂದನ್ನು ಬಿಟ್ಟು. ಉದಕಮಂಡಲ, ಕೂನೂರು, ವಯನಾಡುಗಳ ವಿಹಾರಧಾಮಗಳು, ಕೇರಳದ ಆಯುರ್ವೇದ ಕೇಂದ್ರಗಳು ಮತ್ತು ಬೆಂಗಳೂರಿನ ಅಂಗಡಿಗಳು ಈ ಬೆಟ್ಟಗಳ ಸರಕಿಗೆ ಸಮೀಪದ ಮಾರುಕಟ್ಟೆ.

ಸರಕುಗಳಲ್ಲಿ ಹೆಸರುವಾಸಿಯಾದುದು ನೀಲಗಿರಿ ಎಣ್ಣೆ. ನೀಲಗಿರಿ ಮರವೆಂದು ನಾವು ಕರೆಯುವ ಯೂಕಲಿಪ್ಟಸ್ ವಾಸ್ತವದಲ್ಲಿ ನೀಲಗಿರಿಯದಲ್ಲ, ಆಸ್ಟ್ರೇಲಿಯಾ ಖಂಡದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಅದರ ಗಿಡಗಳನ್ನು ನೆಡಲಾಯಿತೆಂದು ಹೇಳುತ್ತಾರೆ. ನೀಲಗಿರಿಯಲ್ಲಿ 1843ರಲ್ಲಿ ಮದರಾಸು ಇಂಜಿನಿಯರ್ ದಳದ ಕ್ಯಾಪ್ಟನ್ ಕಾಟನ್ ಅದನ್ನು ತಂದು ನೆಡಿಸಿದರು. ಬಿಳಿಯರ ಬಂಗಲೆಗಳಿಗೂ ಸೈನ್ಯದ ಪಾಳೆಯಗಳಿಗೂ ಸೌದೆ ಬೇಕಾಗಿತ್ತು. ಶೋಲಾ ಕಾಡುಗಳು ಸೌದೆಗಾಗಿ ಕರಗುತ್ತಿದ್ದವು. ಬೇಗ ಬೆಳೆಯುವ ಮರ ಬೇಕೆಂಬುದೇ ಅದರ ಕಾರಣ. ಹೊರಗಿನಿಂದ ಬಂದ ಮರವು ಬೆಟ್ಟದ ಹೆಸರನ್ನೇ ಹೊತ್ತುಕೊಂಡು ಕನ್ನಡ ನಾಡಿನ ಮನೆಮನೆಯ ಔಷಧಿ ಪೆಟ್ಟಿಗೆಯನ್ನು ಸೇರಿತು. ಅದೇ ಮರವು ಹುಲ್ಲುಗಾವಲುಗಳನ್ನು ನುಂಗಿ, ನೀರಿನ ಒರತೆಗಳಿಗೆ ಕುತ್ತು ತಂದಿತೆಂಬ ದೂರೂ ಇದೆ. ಹೊರನಾಡಿನ ಮರಗಳನ್ನು ತೆಗೆದು ಶೋಲಾ ಮತ್ತು ಹುಲ್ಲುಗಾವಲನ್ನು ಮರಳಿಸುವ ಮಾತು ನ್ಯಾಯಾಲಯದವರೆಗೂ ಹೋಗಿದೆ. ಎಲೆಯನ್ನೇ ನಂಬಿರುವ ಭಟ್ಟಿಗಳ ನಾಳೆಯ ದಿನ ಈ ಮಾತಿನೊಂದಿಗೆ ಗಂಟುಹಾಕಿಕೊಂಡಿದೆ.

ಎಣ್ಣೆ ತೆಗೆಯುವ ವಿಧಾನ ಶಾಲೆಯ ರಸಾಯನಶಾಸ್ತ್ರದ ಪಾಠವೇ ಆಗಿದೆ. ದೊಡ್ಡ ಹಂಡೆಯಲ್ಲಿ ಎಲೆ, ಎಳೆಯ ರೆಂಬೆಗಳನ್ನು ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಎಲೆಯ ಗ್ರಂಥಿಗಳಲ್ಲಿರುವ ಎಣ್ಣೆ ಹಬೆಯೊಡನೆ ಆವಿಯಾಗಿ ಮೇಲೇರಿ, ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾದು ದ್ರವವಾಗುತ್ತದೆ. ನೀರಿಗಿಂತ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬಸಿದುಕೊಳ್ಳುತ್ತಾರೆ. ನೂರು ಕಿಲೋ ಎಲೆಗೆ ದೊರೆಯುವ ಎಣ್ಣೆ ಸುಮಾರು ಒಂದು ಕಿಲೋ ಮಾತ್ರ. ಬೆಂದು ಒಣಗಿದ ಎಲೆಯೇ ಮುಂದಿನ ಭಟ್ಟಿಗೆ ಉರುವಲು. ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಔಷಧಿ ದರ್ಜೆಯ ಎಣ್ಣೆಯಲ್ಲಿ ಅದು ಶೇಕಡಾ 70ಕ್ಕೆ ಕಡಿಮೆ ಇರಬಾರದು.

ಎತ್ತರದ ಬೆಟ್ಟಗಳ ಇನ್ನೊಂದು ತೈಲ ವಿಂಟರ್‌ಗ್ರೀನ್. ಗಾಲ್ತೇರಿಯಾ ಎಂಬ ಪೊದೆಯ ಎಲೆಯಿಂದ ಇದು ದೊರೆಯುತ್ತದೆ. ಮಾಲೀಸಿನ ಎಣ್ಣೆಗಳಲ್ಲಿ, ಕೀಲುನೋವಿನ ಮುಲಾಮುಗಳಲ್ಲಿ ಮೂಗಿಗೆ ಬಡಿಯುವ ವಾಸನೆ ಇದರದ್ದೇ. ಎಲೆಯನ್ನು ಹಾಗೆಯೇ ಉಜ್ಜಿದರೆ ಆ ವಾಸನೆ ಮಂದವಾಗಿರುತ್ತದೆ. ಸುವಾಸನೆಯ ಅಂಶ ಸಕ್ಕರೆಯೊಂದಿಗೆ ಬೆಸೆದುಕೊಂಡಿರುವುದರಿಂದ ಎಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು; ಎಲೆಯಲ್ಲಿಯೇ ಇರುವ ಕಿಣ್ವವು ಆ ಬೆಸುಗೆಯನ್ನು ಬಿಡಿಸಿದ ಮೇಲೆ ಭಟ್ಟಿ ಇಳಿಸಬೇಕು. ನೀಲಗಿರಿ ಎಣ್ಣೆಯಂತೆ ಇದು ತೇಲುವುದಿಲ್ಲ, ನೀರಿಗಿಂತ ಭಾರವಾದ ಕಾರಣ ತಳದಲ್ಲಿ ಕೂಡುತ್ತದೆ. ಇದರ ಶೇಕಡಾ 95ಕ್ಕೂ ಮಿಕ್ಕಿದ ಭಾಗ ಮೀಥೈಲ್ ಸ್ಯಾಲಿಸಿಲೇಟ್ ಎಂಬ ಒಂದೇ ವಸ್ತು. ಕಷ್ಟವಿರುವುದೂ ಅಲ್ಲಿಯೇ: ಅದೇ ವಸ್ತುವನ್ನು ಕಾರ್ಖಾನೆಯಲ್ಲಿ ಬಹಳ ಅಗ್ಗವಾಗಿ ತಯಾರಿಸಬಹುದು, ಮೂಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉದಕಮಂಡಲದ ಅಂಗಡಿಯ ಸಾಲುಗಳಲ್ಲಿ ಪ್ರವಾಸಿಗರಿಗೆ ಬಹು ಅಗ್ಗದ ದರಕ್ಕೆ ದೊರೆಯುವ ಚಿಕ್ಕ ಸೀಸೆಗಳೆಲ್ಲ ಎಲೆಯಿಂದಲೇ ಬಂದವು ಎಂದು ನಂಬಬೇಕಾಗಿಲ್ಲ.

ಪಂದಲೂರು ಈ ಎತ್ತರದ ಊರಲ್ಲ. ಉದಕಮಂಡಲ 2200 ಮೀಟರಿಗೂ ಮೇಲಿದ್ದರೆ ಪಂದಲೂರು 900ರಿಂದ 1000 ಮೀಟರಿನ ಆಸುಪಾಸಿನಲ್ಲಿದೆ. ಮಳೆಯಂತೂ ತಮಿಳುನಾಡಿನಲ್ಲಿಯೇ ಅತಿ ಹೆಚ್ಚು ಸುರಿಯುವ ಸೀಮೆಗಳಲ್ಲೊಂದು. ಇಲ್ಲಿಯ ನೆಲಕ್ಕೆ ಒಗ್ಗಿದವು ಚಹಾ, ಕಾಫಿ, ಮೆಣಸು, ಏಲಕ್ಕಿ, ಶುಂಠಿ, ಮಜ್ಜಿಗೆಹುಲ್ಲು. ಮಜ್ಜಿಗೆಹುಲ್ಲಿನ ತೈಲವನ್ನು ಒಂದು ಕಾಲದಲ್ಲಿ ಕೊಚ್ಚಿ ಬಂದರಿನಿಂದ ಹಡಗೇರಿಸುತ್ತಿದ್ದುದರಿಂದ ಜಗತ್ತು ಅದನ್ನು ಕೊಚ್ಚಿನ್ ಆಯಿಲ್ ಎಂದೇ ಕರೆಯಿತು. ಅದಕ್ಕೆ ನಿಂಬೆಯ ಪರಿಮಳವನ್ನು ಕೊಡುವುದು ಸಿಟ್ರಾಲ್. ಒಳ್ಳೆಯ ತೈಲದಲ್ಲಿ ಅದು ಮುಕ್ಕಾಲು ಪಾಲಿನಷ್ಟಿರುತ್ತದೆ. ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಿಂದ ಈ ಹುಲ್ಲಿನ ಸಂಶೋಧನಾ ಕೇಂದ್ರವಿದೆ. ಹೊಸದಾಗಿ ಭಟ್ಟಿ ಹಾಕಬೇಕೆನ್ನುವ ಈ ಸೀಮೆಯವರಿಗೆ ಅದು ದೂರದ ಸ್ಥಳವೇನಲ್ಲ. ಆನೆಗಳ ಓಡಾಟವಿರುವ ಕಡೆ ಬಾಳೆಗಿಂತ ಈ ಹುಲ್ಲು ಸುರಕ್ಷಿತವೆಂದು ಅನೇಕ ರೈತರು ಎಣಿಸುತ್ತಾರೆ.

ಚಹಾ ಇಲ್ಲಿಯ ದೊಡ್ಡ ಬೆಳೆ. ಶ್ರೀಲಂಕೆಯಿಂದ ಮರಳಿದ ತಮಿಳು ಕಾರ್ಮಿಕರಿಗೆ ನೆಲೆ ಕಲ್ಪಿಸಲು 1968ರಲ್ಲಿ ಆರಂಭವಾಗಿ ಮುಂದೆ ಟ್ಯಾನ್‌ಟೀ ನಿಗಮವಾದ ಸರ್ಕಾರಿ ಚಹಾ ತೋಟಗಳು ಈ ತಾಲೂಕಿನಲ್ಲಿವೆ. ಹಸಿರುಚಹಾದ ಸಾರ, ಕಾಫಿಪುಡಿಯ ಲೇಪನ, ಮೆಣಸಿನ ತೈಲ ಇವೆಲ್ಲ ಸ್ಪಾಗಳಲ್ಲಿ ಬಳಕೆಯಾಗುತ್ತವೆ. ಆದರೆ ಬೆಳೆದ ಊರಿನಿಂದ ಅವು ಮೂಟೆಯಲ್ಲಿಯೇ ಹೊರಡುತ್ತವೆ, ಸೀಸೆಯೂ ಚೀಟಿಯೂ ಅಂಟುವುದು ಬೇರೆಲ್ಲಿಯೋ. ಹೀಗಾಗಲು ಮುಖ್ಯ ಕಾರಣ ಜಮೀನು ಎಂದು ಈ ಲೇಖಕನ ಎಣಿಕೆ. ಗೂಡಲೂರು ಮತ್ತು ಪಂದಲೂರಿನ ಬಹಳಷ್ಟು ನೆಲ ಹಿಂದೆ ನಿಲಂಬೂರು ಕೋವಿಲಗಂ ಮೊದಲಾದ ಜನ್ಮಿಗಳದಾಗಿತ್ತು. 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯಿದೆ 1974ರಲ್ಲಿ ಜಾರಿಗೆ ಬಂದಿತು. ಆದರೂ ಅದರ 17ನೆಯ ವಿಧಿಗೆ ಒಳಪಟ್ಟ ಜಮೀನುಗಳ ತಕರಾರು ದಶಕಗಳ ಕಾಲ ತೀರದೆ ಉಳಿಯಿತು. ಪಟ್ಟಾ ಇಲ್ಲದ ಮನೆಗೆ ವಿದ್ಯುತ್ ಸಂಪರ್ಕವೇ ಕಷ್ಟವೆಂದ ಮೇಲೆ ಬ್ಯಾಂಕಿನ ಸಾಲ, ತಯಾರಿಕೆಯ ಪರವಾನಗಿ ಎಲ್ಲಿಂದ ಬರಬೇಕು? 1880ರ ಸುಮಾರಿಗೆ ಚಿನ್ನದ ಆಸೆಯಿಂದ ಲಂಡನ್ನಿನ ಕಂಪನಿಗಳು ದೇವಾಲ, ಪಂದಲೂರುಗಳಿಗೆ ಮುಗಿಬಿದ್ದು, ಕೆಲವೇ ವರ್ಷಗಳಲ್ಲಿ ಯಂತ್ರಗಳನ್ನು ತುಕ್ಕಿಗೆ ಬಿಟ್ಟು ಹೋದವು. ಅಂದು ಬಂಡವಾಳವಿತ್ತು, ಚಿನ್ನವಿರಲಿಲ್ಲ. ಇಂದು ಸರಕಿದೆ, ಕಾಗದಪತ್ರವಿಲ್ಲ.

ಕಾಡಿನ ಸರಕಿನ ವಿಷಯ ಸ್ವಲ್ಪ ಬೇರೆ. ಹೆಜ್ಜೇನಿನ ತಟ್ಟಿಯಿಂದ ಜೇನು ಹಿಂಡಿದ ಬಳಿಕ ಉಳಿಯುವ ಮೇಣವನ್ನು ನೀರಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟರೆ ಹಳದಿ ಬಿಲ್ಲೆಯಾಗಿ ಮೇಲೆ ಹೆಪ್ಪುಗಟ್ಟುತ್ತದೆ. ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವ ಈ ಮೇಣ ತುಟಿಯ ಮುಲಾಮು, ಹಿಮ್ಮಡಿ ಒಡಕಿನ ಲೇಪ, ಮೇಣದಬತ್ತಿಗಳಿಗೆ ಆಧಾರ. ಸೀಗೆಕಾಯಿ, ಅಂಟುವಾಳಕಾಯಿ, ಕಪ್ಪುಧೂಪದ ರಾಳ, ಕಾಡು ಅರಿಸಿನ ಕೂಡ ಇದೇ ಕೈಗಳಿಂದ ಬರುತ್ತವೆ. ಕಸ್ತೂರಿ ಅರಿಸಿನದ ಬಗ್ಗೆ ಒಂದು ಮಾತು: ಪೇಟೆಯಲ್ಲಿ ಆ ಹೆಸರಿನಿಂದ ಮಾರುವ ಬಿಲ್ಲೆಗಳು ಅನೇಕ ವೇಳೆ ಅದೇ ಕುಲದ ಬೇರೆ ಗೆಡ್ಡೆಯವು. ನಿಜವಾದ ಕಸ್ತೂರಿ ಅರಿಸಿನಕ್ಕೆ ಕರ್ಪೂರದಂಥ ಕಂಪಿದೆ, ಬಣ್ಣ ತಿಳಿ, ಚರ್ಮಕ್ಕೆ ಅಷ್ಟಾಗಿ ಹಳದಿ ಹತ್ತುವುದಿಲ್ಲ.

ಈ ದಾರಿಯಲ್ಲಿ ಜಿಲ್ಲೆಯೊಳಗೇ ಒಳ್ಳೆಯ ಮಾದರಿಯೊಂದಿದೆ. 1990ರ ದಶಕದಿಂದ ಕೋತಗಿರಿಯಲ್ಲಿ ನೆಲೆಸಿರುವ ಕೀಸ್ಟೋನ್ ಫೌಂಡೇಶನ್ ಜೇನು ಕೀಳುವ ಬುಡಕಟ್ಟುಗಳ ಅಧ್ಯಯನದಿಂದ ಆರಂಭಿಸಿ, ಸರಕನ್ನು ಊರಿನಲ್ಲಿಯೇ ಶುದ್ಧೀಕರಿಸಿ ಮಾರುವ ವ್ಯವಸ್ಥೆಯನ್ನು ಕಟ್ಟಿತು. ಅದರಿಂದ ಹುಟ್ಟಿದ ಲಾಸ್ಟ್ ಫಾರೆಸ್ಟ್ ಸಂಸ್ಥೆ ಜೇನು, ಮೇಣದ ಮುಲಾಮು, ಸಾಬೂನುಗಳನ್ನು ಮಾರುತ್ತದೆ. ಬುಡಕಟ್ಟಿನವರೇ ಷೇರುದಾರರಾಗಿರುವ ಆದಿಮಲೈ ಪಳಂಗುಡಿಯಿನರ್ ಉತ್ಪಾದಕರ ಕಂಪನಿ 2013ರಲ್ಲಿ ನೋಂದಣಿಯಾಗಿ, 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯನ್ನು ಪಡೆಯಿತು. ಗೂಡಲೂರು ಭಾಗದಲ್ಲಿ 1980ರ ದಶಕದಿಂದ ಅಕಾರ್ಡ್ ಸಂಸ್ಥೆ ಮತ್ತು ಆದಿವಾಸಿ ಮುನ್ನೇಟ್ರ ಸಂಘ ಭೂಮಿ, ಆರೋಗ್ಯ, ಶಿಕ್ಷಣದ ಹಕ್ಕುಗಳಿಗಾಗಿ ದುಡಿದಿವೆ. ಇವರೆಲ್ಲರ ಅನುಭವ ಹೇಳುವುದಿಷ್ಟು: ಹಾಡಿಯ ಮಗಳು ಮೇಣವನ್ನು ತೂಕಕ್ಕೆ ಕೊಟ್ಟು ಹಿಂತಿರುಗಿದರೆ ಒಂದು ಬೆಲೆ, ತಾನೇ ಸೋಸಿ ಡಬ್ಬಿಗೆ ತುಂಬಿದರೆ ಬೇರೊಂದು ಬೆಲೆ.

ಕಾನೂನು ಈ ವಿಷಯದಲ್ಲಿ ಅವಳ ಪಕ್ಷದಲ್ಲಿದೆ. 2006ರ ಅರಣ್ಯ ಹಕ್ಕು ಕಾಯಿದೆ ಜೇನು, ಮೇಣ, ಔಷಧಿ ಸಸ್ಯಗಳನ್ನು ಹೆಸರಿಸಿಯೇ ಕಿರು ಅರಣ್ಯ ಉತ್ಪನ್ನಗಳೆಂದು ಕರೆದು ಅವುಗಳ ಒಡೆತನವನ್ನು ಕಾಡಿನ ಜನರಿಗೆ ಕೊಟ್ಟಿದೆ. 2012ರ ತಿದ್ದುಪಡಿ ನಿಯಮಗಳು ಸಂಸ್ಕರಣೆ ಮತ್ತು ಸಾಗಣೆಯನ್ನೂ ಸೇರಿಸಿದವು. ಜೈವಿಕ ವೈವಿಧ್ಯ ಕಾಯಿದೆ ಸ್ಥಳೀಯ ಜನರಿಗೂ ಬೆಳೆಗಾರರಿಗೂ ವಿನಾಯಿತಿ ನೀಡುತ್ತದೆ. ಕಾಡಿನ ಸಸ್ಯವನ್ನು ವ್ಯಾಪಾರಕ್ಕೆ ಬಳಸುವ ಕಂಪನಿಗಳನ್ನು ಮಾತ್ರ ಲೆಕ್ಕ ಕೇಳುತ್ತದೆ.

ಮನೆಯಲ್ಲಿ ಸಾಬೂನು ಮಾಡುವ ತರಬೇತಿಗಳು ಈಗ ಎಲ್ಲೆಡೆ ನಡೆಯುತ್ತಿವೆ. ನಮ್ಮ ತಾಯಂದಿರ ಸ್ವಸಹಾಯ ಸಂಘಗಳೂ ಕಲಿಯುತ್ತಿವೆ. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡದ ದ್ರಾವಣ ಬೆರೆಸಿ ಅಚ್ಚಿಗೆ ಹೊಯ್ಯುವುದು ಒಂದು ಗಂಟೆಯ ಕೆಲಸವಾದರೂ, ನಾಲ್ಕರಿಂದ ಆರು ವಾರ ಗಾಳಿಯಾಡುವಲ್ಲಿ ಇಟ್ಟು ಹದಗೊಳಿಸಬೇಕು. ಪಂದಲೂರಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಸೋಡವನ್ನು ನೀರಿಗೆ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಸುರಿಯಬಾರದು. ತರಬೇತಿ ಕೊಡುವವರು ಅನೇಕ ವೇಳೆ ಹೇಳದೆ ಬಿಡುವ ಸಂಗತಿಯೊಂದಿದೆ: ಮಾರಾಟಕ್ಕಾಗಿ ಸಾಬೂನು, ಲೇಪ, ಕೇಶತೈಲ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಬೇಕು. ನೋವು ಗುಣವಾಗುತ್ತದೆ, ರೋಗ ವಾಸಿಯಾಗುತ್ತದೆ ಎಂದು ಚೀಟಿಯಲ್ಲಿ ಬರೆದರೆ ಅದು ಔಷಧಿಯಾಗುತ್ತದೆ. ಅದಕ್ಕೆ ಬೇರೆಯೇ ಪರವಾನಗಿ. ದೊಡ್ಡ ಸ್ಪಾಗಳಂತೂ ಪ್ರತಿ ತಂಡದ ಸರಕಿಗೂ ಪ್ರಯೋಗಾಲಯದ ವರದಿ ಕೇಳುತ್ತವೆ, ವರ್ಷವಿಡೀ ಒಂದೇ ಗುಣಮಟ್ಟ ಬಯಸುತ್ತವೆ. ಒಂಟಿ ಮನೆಗೆ ಇದು ಎಟುಕದು. ಹತ್ತಿಪ್ಪತ್ತು ಮನೆಗಳು ಸೇರಿ ಒಂದು ಪರವಾನಗಿ, ಒಂದು ಭಟ್ಟಿ, ಒಂದು ಹೆಸರು ಇಟ್ಟುಕೊಂಡರೆ ಎಟುಕಬಹುದು.

ಮಕ್ಕಳಿರುವ ಮನೆಗಳಿಗೆ ಮಾತ್ರ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನೈಸರ್ಗಿಕವೆಂಬ ಕಾರಣಕ್ಕೆ ಈ ತೈಲಗಳು ನಿರಪಾಯಕಾರಿಯಲ್ಲ. ಒಂದು ಟೀ ಚಮಚ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಚಿಕ್ಕ ಮಗು ಅಷ್ಟನ್ನು ನುಂಗಿದರೆ ಪ್ರಾಣಕ್ಕೇ ಕುತ್ತು. ನೀಲಗಿರಿ ಎಣ್ಣೆಯನ್ನು ಕೆಲವೇ ಮಿಲಿಲೀಟರಿನಷ್ಟು ಕುಡಿದ ಮಕ್ಕಳಿಗೆ ಫಿಟ್ಸ್ ಬಂದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ಕರ್ಪೂರದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ನೆಗಡಿಯೆಂದು ಹಸುಗೂಸಿನ ಮೂಗಿಗೆ ಈ ಎಣ್ಣೆ ಹಚ್ಚುವುದು, ಸಕ್ಕರೆಯ ಮೇಲೆ ಹನಿಸಿ ನೆಕ್ಕಿಸುವುದು ಇಂದಿಗೂ ಹಲವು ಮನೆಗಳ ರೂಢಿ, ಅದನ್ನು ಬಿಡಬೇಕು. ಸೀಸೆಯನ್ನು ಮಗುವಿನ ಕೈಗೆ ಸಿಗದಂತೆ ಬೀಗವಿರುವ ಕಪಾಟಿನಲ್ಲಿಡಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಡಬೇಡಿ. ಮಗು ನುಂಗಿತೆಂದು ತಿಳಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಕೈಯಲ್ಲಿ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆ ಯಾವುದು, ಎಷ್ಟು ಹೋಗಿರಬಹುದು ಎಂಬುದು ವೈದ್ಯರಿಗೆ ಆ ಸೀಸೆಯ ಚೀಟಿಯಿಂದಲೇ ತಿಳಿಯುತ್ತದೆ.